ಭಾನುವಾರದ ಮಲ್ಲಿಗೆ

ಮೈಸೂರಿನ ಮರಿದೇವಯ್ಯನವರನ್ನು ಯಾರೇ ಕೇಳಲಿ, ಒಂದೇ ಉತ್ತರ... "ಇಪ್ಪತ್ತೆರಡು ವರ್ಷ ಇಸ್ಪೀಟು ಆಡಿದ್ದೀನಿ ಕಣಪ್ಪ, ಒಂದು ರೂಪಾಯಿ ಕಳ್ಕೊಂಡಿಲ್ಲ!"

ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದು ಹೋದ ತಿಂಗಳು ರಿಟೈರ್ ಆದವರು. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದಿದ್ದಾರೆ. ಸ್ವಂತದ್ದು ಅಂತ ಒಂದು ಗೋಡೆಯೂ ಇಲ್ಲ.

ರಿಟೈರ್ಮೆಂಟ್ ದುಡ್ಡು ಬಂತು. ಹೆಂಡತಿ ಸರ್ವಮಂಗಳಮ್ಮ ಊರಾಚೆ ಒಂದು ಪುಟ್ಟ ಸೈಟು ನೋಡಿಟ್ಟಿದ್ದರು. ಶುಕ್ರವಾರ ಅಡ್ವಾನ್ಸ್ ಕೊಡಬೇಕು.

ಬುಧವಾರ ಬೆಳಗ್ಗೆ ದೋಸೆ ತಿನ್ನುತ್ತಾ ಮರಿದೇವಯ್ಯ ಮೆಲ್ಲಗೆ ಮಾತು ತೆಗೆದರು.

"ಮಂಗಳಾ, ಆ ಸೈಟಿನವರಿಗೆ ಒಂದು ತಿಂಗಳು ತಡೀರಿ ಅಂತ ಹೇಳು. ನಮ್ಮ ದೊರೆಸ್ವಾಮಿ ಒಂದು ಕ್ಲಬ್ಬಿಗೆ ಸೇರಿಸ್ತಾನಂತೆ. ದೊಡ್ಡ ಆಟ. ಈ ದುಡ್ಡು ಹಾಕಿ ಕೂತ್ರೆ ಸೈಟಿನ ಜೊತೆ ಮನೆನೂ ಆಗೋಗುತ್ತೆ!"

ಸರ್ವಮಂಗಳಮ್ಮ ಸ್ಟವ್ ಆಫ್ ಮಾಡಿ ಬಂದು ಎದುರಿಗೆ ಕೂತರು.

"ಯಾಕೆ ಹಾಗೆ ನೋಡ್ತೀಯ? ನಮ್ಮ ಭಾನುವಾರಗಳು ಮರೆತೋಯ್ತಾ?"

ಅಯ್ಯೋ, ಆ ಭಾನುವಾರಗಳು...! ಮರೆಯುವಂಥವೇ?

ಕ್ವಾರ್ಟರ್ಸ್ ಹಿಂದಿನ ಹೊಂಗೆ ಮರ. ಅದರ ಕೆಳಗೆ ಹಳೇ ಜಮಖಾನ. ದೊರೆಸ್ವಾಮಿ, ಮರಿದೇವಯ್ಯ, ಇನ್ನಿಬ್ಬರು ಗೆಳೆಯರು. ರಬ್ಬರ್ ಬ್ಯಾಂಡ್ ಸುತ್ತಿದ ಎರಡು ಕಟ್ಟು ಇಸ್ಪೀಟು.

ಒಂದು ಜೋಕರ್ ಎಲೆ ಕಳೆದುಹೋಗಿತ್ತು. ಅದರ ಬದಲಿಗೆ ಯಾರದೋ ಮದುವೆ ಕಾರ್ಡನ್ನು ಕತ್ತರಿಸಿ ಸೇರಿಸಿದ್ದರು. ಹಿಂದಿನಿಂದ ನೋಡಿದರೂ ಅದು ಜೋಕರ್ ಅಂತ ಗೊತ್ತಾಗುತ್ತಿತ್ತು... ಆದರೂ ನಾಲ್ವರೂ ಗೊತ್ತೇ ಇಲ್ಲದವರ ಹಾಗೆ ಆಡುತ್ತಿದ್ದರು!

ಅವರವರೇ ಮಾಡಿಕೊಂಡ ಒಂದು ರೂಲು ಬೇರೆ. ಗೆದ್ದವನು ಹೆಂಡತಿಗೆ ಮಲ್ಲಿಗೆ ಹೂ ಒಯ್ಯಬೇಕು.

ಸೋಲಿಗೆ ಮಾತ್ರ ಮರಿದೇವಯ್ಯ ಸೋಲು ಅನ್ನುತ್ತಲೇ ಇರಲಿಲ್ಲ. "ಅದು ಟೀ ಖರ್ಚು ಕಣೇ"... "ಮುಂದಿನ ವಾರ ವಾಪಸ್ ಬರುತ್ತೆ ಬಿಡು"... "ಇವತ್ತು ಎಲೆನೇ ಬೀಳ್ಲಿಲ್ಲ, ಇದು ಲೆಕ್ಕಕ್ಕಿಲ್ಲ". ಗೆದ್ದರೆ ಮಾತ್ರ ಬುಧವಾರದವರೆಗೂ ಅದೇ ಸುದ್ದಿ!

"ಪ್ರತಿ ಭಾನುವಾರ ನಿನ್ನ ತಲೇಲಿ ಮಲ್ಲಿಗೆ ಇತ್ತೋ ಇಲ್ವೋ, ನೀನೇ ಹೇಳು. ಗೆದ್ದವನು ತಾನೇ ಹೂ ತರೋದು?"

ಸರ್ವಮಂಗಳಮ್ಮ ನಕ್ಕರು. ಕಣ್ಣು ತುಂಬಿತ್ತು.

"ಏನೂಂದ್ರೆ, ಬೇಜಾರು ಮಾಡ್ಕೋಬೇಡಿ... ಗೆದ್ದ ದಿನ ನೀವು ಹೂ ತರ್ತಾನೇ ಇರ್ಲಿಲ್ಲ."

"ಏನಂದೆ?"

"ಗೆದ್ದ ದಿನ ಗೇಟಿನಿಂದ್ಲೇ ಕೂಗ್ಕೊಂಡು ಬರ್ತಿದ್ರಿ... 'ಮಂಗಳಾ, ಇವತ್ತು ಮೂವರನ್ನೂ ಮಲಗಿಸ್ಬಿಟ್ಟೆ' ಅಂತ. ಆ ಖುಷೀಲಿ ಹೂ ಎಲ್ಲಿ ನೆನಪಾಗ್ಬೇಕು? ಸೋತ ದಿನ ಸುಮ್ನೆ ನಕ್ಕೊಂಡು ಬಂದು ಪೊಟ್ಟಣ ಕೈಗಿಡ್ತಿದ್ರಿ. ಸ್ವಲ್ಪ ಹೋಗಿದ್ರೆ ಒಂದು ಮೊಳ. ಜಾಸ್ತಿ ಹೋಗಿದ್ರೆ ಎರಡು."

ಮರಿದೇವಯ್ಯ ದೋಸೆ ತಟ್ಟೆ ಪಕ್ಕಕ್ಕೆ ಸರಿಸಿದರು.

"ದೀಪಾವಳಿ ಬೋನಸ್ ಬಂದ ವಾರ ನಾಲ್ಕು ಮೊಳ ತಂದಿದ್ರಿ. ಮಗಳಿಗೆ ಹೊಸ ಬಟ್ಟೆ ಇಲ್ಲ ಅಂತ ಆಗ್ಲೇ ಗೊತ್ತಾಯ್ತು. ತಲೆ ತುಂಬ ಹೂ ಮುಡ್ಕೊಂಡು ಅಡುಗೆಮನೇಲಿ ನಿಂತು ಅತ್ತಿದ್ದೆ ಕಣ್ರೀ..."

ಮರಿದೇವಯ್ಯ ಒಂದೊಂದೇ ಭಾನುವಾರ ನೆನಪು ಮಾಡಿಕೊಂಡರು. ಹೊಂಗೆ ಮರ, ಜಮಖಾನ, ಗೆಳೆಯರ ನಗು... ಎಲ್ಲ ಹಾಗೇ ಇತ್ತು. ಆದರೆ ಕೂಗಿಕೊಂಡು ಮನೆಗೆ ಬಂದ ಭಾನುವಾರಗಳು ಎಷ್ಟು ತಡಕಾಡಿದರೂ ನಾಲ್ಕೈದೇ ಸಿಕ್ಕವು. ಮಿಕ್ಕಿದ್ದರಲ್ಲೆಲ್ಲ ಅವರ ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ.

"ಆಗ್ಲೇ ಯಾಕೆ ಹೇಳ್ಲಿಲ್ಲ ಮಂಗಳಾ?"

"ನಗ್ತಾ ಬರ್ತಿದ್ರಲ್ಲ, ಆ ನಗು ಯಾಕೆ ಕಿತ್ಕೊಳ್ಳಲಿ ಅಂತ ಸುಮ್ನಾದೆ. ಹೂವಿನ ವಾಸನೆನೂ ಚೆನ್ನಾಗಿತ್ತು ನೋಡಿ... ನನ್ನದೂ ತಪ್ಪೇ. ಆದ್ರೆ ಈ ಸಲ ಸುಮ್ನಿರಲ್ಲ. ಈ ದುಡ್ಡು ಹೋದ್ರೆ ಎಷ್ಟು ಮೊಳ ತರ್ತೀರಿ, ಹೇಳಿ?"

ಮರಿದೇವಯ್ಯ ಹೆಂಡತಿಯ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

ಆಮೇಲೆ ದೊರೆಸ್ವಾಮಿಗೆ ಫೋನ್ ಮಾಡಿದರು.

"ಕ್ಲಬ್ಬಿಗೆ ಬರಲ್ಲ ಕಣೋ. ನಾನು ಸೋಲೋನು. ಹೂ ಒಯ್ದ ಭಾನುವಾರ ಎಲ್ಲಾ ಸೋತಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಆ ಕಡೆಯಿಂದ ದೊರೆಸ್ವಾಮಿ ಸಣ್ಣ ದನಿಯಲ್ಲಿ ಹೇಳಿದರು.

"ನಮ್ಮ ಮನೇಲೂ ಪ್ರತಿ ವಾರ ಹೂ ಇತ್ತಲ್ಲೋ, ಮರಿ..."

ಶುಕ್ರವಾರ ಗಂಡ ಹೆಂಡತಿ ಇಬ್ಬರೂ ಹೋಗಿ ಸೈಟಿಗೆ ಅಡ್ವಾನ್ಸ್ ಕೊಟ್ಟು ಬಂದರು. ದಾರಿಯಲ್ಲಿ ಹೂವಿನ ಅಂಗಡಿ. ಮರಿದೇವಯ್ಯ ನಾಚಿಕೊಂಡು ತಲೆ ತಗ್ಗಿಸಿ ಮುಂದೆ ಹೊರಟರು.

ಸರ್ವಮಂಗಳಮ್ಮ ತೋಳು ಹಿಡಿದು ನಿಲ್ಲಿಸಿದರು.

"ಕೊಡ್ಸಿ. ಒಂದೇ ಮೊಳ ಸಾಕು... ಇವತ್ತು ಅಳದೆ ಮುಡ್ಕೋತೀನಿ."

ಸೋತಿದ್ದೇನೆ ಎಂದು ಒಪ್ಪಿಕೊಂಡ ದಿನವೇ ಸೋಲು ನಿಲ್ಲುತ್ತದೆ.

ನೀವು ಯಾವ ಸೋಲಿಗೆ ಇಷ್ಟು ವರ್ಷ ಹೂ ಮುಡಿಸಿಟ್ಟಿದ್ದೀರಿ...? ಒಂದು ಸಲ ಯೋಚಿಸಿ ನೋಡಿ.