ಬಾಣದ ಗುರುತು

ಗೈಡ್ಸ್ ಹುಡುಗಿಯರನ್ನು ಕಾಡಿಗೆ ಚಾರಣಕ್ಕೆ ಕರೆತಂದಿದ್ದ ಟೀಚರಿಗೆ ಹಾವು ಕಚ್ಚಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹೊತ್ತು ಮುಳುಗುತ್ತಿತ್ತು, ಕಾಲು ಊದುತ್ತಿತ್ತು. ಹುಡುಗಿಯರು ಅಳತೊಡಗಿದರು.

"ಅಳ್ಬೇಡ್ರೇ. ಬರುವಾಗ ಪ್ರತಿ ತಿರುವಿನಲ್ಲೂ ಮಣ್ಣಲ್ಲಿ ಬಾಣ ಗೀಚಿದೀವಲ್ಲ, ಮತ್ಯಾಕೆ ಕಲ್ಸಿದ್ದು ಅದನ್ನ? ಇಬ್ಬರು ಆ ಗುರುತು ಹಿಡಿದು ವಾಪಸ್ ಓಡಿ. ರಸ್ತೆ ಸಿಗತ್ತೆ, ಯಾರನ್ನಾದ್ರೂ ಕರ್ಕೊಂಡು ಬನ್ನಿ," ಎಂದರು ಟೀಚರ್.

ಇಬ್ಬರು ಎದ್ದು ನಿಂತರು. ಅಷ್ಟರಲ್ಲಿ, ಸಾಲಿನ ಕೊನೆಯಲ್ಲಿ ಹಿಂದುಳಿದಿದ್ದ ಪುಟ್ಟ ಚೇತನಾ ಸೊಪ್ಪಿನ ಕೊಂಬೆಯೊಂದನ್ನು ಎಳೆದುಕೊಂಡು ಏದುಸಿರು ಬಿಡುತ್ತಾ ಬಂದಳು. ಏನಾಗಿದೆಯೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಮೂರು ಬೆರಳೆತ್ತಿ ಸೆಲ್ಯೂಟ್ ಹೊಡೆದಳು.

"ಕೊನೇಲಿ ಬರೋರು ಗುರುತು ಅಳಿಸ್ಬೇಕು ಅಂತ ಕ್ಯಾಂಪಲ್ಲಿ ಹೇಳಿದ್ರಲ್ಲ ಟೀಚರ್? ಒಂದು ಬಾಣಾನೂ ಬಿಟ್ಟಿಲ್ಲ!"