ಮೂರು ಗಂಟೆಯ ತಾಳ್ಮೆ

“ತಪ್ಪು ನನ್ನದೇ ಇರ್ಬೇಕು ಕಣೋ. ನೀನೊಂದ್ಸಲ ನೋಡು,” ಎಂದು ಅಕ್ಕ ವಿಡಿಯೊ ಗೇಮಿನ ಕಂಟ್ರೋಲರನ್ನು ತಮ್ಮನ ಕೈಗೆ ಕೊಟ್ಟಳು. ಅವಳು ಈಜು ಕಲಿಸುವವಳು. ಕೊಳದ ಮೆಟ್ಟಿಲಲ್ಲೇ ಜಾರಿ ಬಿದ್ದು, ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಇಪ್ಪತ್ತು ದಿನವಾಗಿತ್ತು. ಟಿವಿಯಲ್ಲಿ ಮುಳುಗುಗಾರನೊಬ್ಬ ಕಡಲ ದಂಡೆಯ ಮೇಲೆ ನಿಂತಿದ್ದ. ಅವನ ಮುಂದಿನ ಸಮುದ್ರ ನೀಲಿ ಬಣ್ಣ ಬಳಿದ ತಗಡಿನಂತಿತ್ತು. ತಮ್ಮ ಗುಂಡಿ ಒತ್ತಿದ. ಮುಳುಗುಗಾರ ಆ ತಗಡಿನ ಮೇಲೆ ಬೀದಿ ದಾಟುವವನ ಹಾಗೆ ನಡೆದುಹೋದನೇ ಹೊರತು ನೀರಿಗೆ ಇಳಿಯಲಿಲ್ಲ.

ತಮ್ಮನಿಗೆ ಇದು ಹೊಸದೇನಲ್ಲ. ಆಟ ಬಿಡುಗಡೆಯಾಗಿ ಮೂರು ದಿನ; ಮೊದಲ ದಿನವೇ ತನ್ನ ಕೋಣೆಯಲ್ಲಿ ಇದೇ ದಂಡೆಯನ್ನು ಕಂಡು ಟಿವಿ ಆರಿಸಿದ್ದ. ತನ್ನ ಕನ್ನಡಕದ ಅಂಗಡಿಯಿಂದ ಊಟದ ಬಿಡುವಿನಲ್ಲಿ ಅಕ್ಕನನ್ನು ಮಾತಾಡಿಸಿ ಹೋಗೋಣ ಎಂದು ಬಂದವನಿಗೆ ಅವಳೂ ಇದನ್ನೇ ಕೊಂಡಿರಬಹುದೆಂಬ ಊಹೆಯೂ ಇರಲಿಲ್ಲ.

“ಇದು ಹೀಗೇ ಅಕ್ಕ. ಅರ್ಧಂಬರ್ಧ ಮಾಡಿ ಮಾರಿದ್ದಾರೆ. ವಾಪಸ್ ಮಾಡ್ಬಿಡು.”

“ಎರಡು ಗಂಟೆಗಿಂತ ಹೆಚ್ಚು ಆಡಿದ್ರೆ ವಾಪಸ್ ತಗೊಳ್ಳಲ್ವಂತೆ. ನನ್ನದು ಐದು ಗಂಟೆ ಆಗಿದೆ.”

“ಈ ದರಿದ್ರದಲ್ಲಿ ಐದು ಗಂಟೆ ಏನು ಮಾಡಿದೆ?”

“ಕಾದೆ.” ಅಕ್ಕ ದಿಂಬಿಗೆ ಒರಗಿ ಮೊಬೈಲ್ ತೆಗೆದಳು. “ನಾನೇನು ಸುಮ್ನೆ ತಗೊಂಡ್ನಾ? ನೋಡಿ, ಓದಿ ತಗೊಂಡೆ. ಯಾರೋ ‘ನೀರುಕಾಗೆ’ ಅಂತ ಹೆಸರಿಟ್ಕೊಂಡೋನು ವಿಮರ್ಶೆ ಎಷ್ಟು ಚೆನ್ನಾಗಿ ಬರ್ದಿದ್ದಾನೆ ಕೇಳು. ‘ಸಮುದ್ರ ಎಂದರೆ ಇದು! ಮೊದಲ ಮೂರು ಗಂಟೆ ತಾಳ್ಮೆ ಇರಲಿ. ಆಮೇಲೆ ನೀರೇ ನಿಮ್ಮನ್ನು ಒಳಗೆ ಕರೆದುಕೊಳ್ಳುತ್ತದೆ. ಯೋಚಿಸಬೇಡಿ, ಕೊಳ್ಳಿ.’ ಐದಕ್ಕೆ ಐದು ನಕ್ಷತ್ರ ಬೇರೆ. ಅಷ್ಟು ತಿಳಿದೋನು ಸುಳ್ಳು ಹೇಳ್ತಾನಾ? ನೀರಿಗೆ ಯಾವ ಕಡೆಯಿಂದ ಇಳೀಬೇಕು ಅಂತ ಅವನನ್ನೇ ಕೇಳಿ ಎರಡು ಸಾಲು ಟೈಪ್ ಮಾಡಿಕೊಡು. ಬೈಯೋ ಹಾಗೆ ಬರೀಬೇಡ ಮತ್ತೆ.”

ತಮ್ಮನ ಕಿವಿ ಬಿಸಿಯಾಯಿತು. ನೀರುಕಾಗೆ ಅವನೇ. ಮೂರು ವರ್ಷ ಈ ಆಟದ ದಾರಿ ಕಾದಿದ್ದ. ಅನುಮಾನಪಟ್ಟವರ ಮೇಲೆಲ್ಲ ಜಾಲತಾಣದಲ್ಲಿ ಹರಿಹಾಯ್ದಿದ್ದ. ಬಿಡುಗಡೆಯ ಬೆಳಿಗ್ಗೆ, ಆಟ ನೂರರಲ್ಲಿ ಹನ್ನೆರಡು ಪಾಲು ಮಾತ್ರ ಡೌನ್‌ಲೋಡ್ ಆಗಿದ್ದಾಗಲೇ, ಎಲ್ಲರಿಗಿಂತ ಮೊದಲು ತನ್ನ ಮಾತು ಕಾಣಿಸಬೇಕೆಂಬ ಹಪಾಹಪಿಗೆ ಅದನ್ನು ಬರೆದು ಹಾಕಿದ್ದ. ಆ ಮೂರು ಗಂಟೆಯ ಲೆಕ್ಕ ಎಲ್ಲಿಂದ ಬಂತೆಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಹಾಗೆ ಬರೆದರೆ ಆಡಿ ಬಲ್ಲವನಂತೆ ಕಾಣುತ್ತದೆ, ಅಷ್ಟೇ. ಸಂಜೆ ನಿಜ ಕಂಡ ಮೇಲೂ ಅಳಿಸಲಿಲ್ಲ. ‘ಉಪಯೋಗವಾಯಿತು’ ಎಂದು ಒತ್ತಿದವರ ಸಂಖ್ಯೆ ಏರುತ್ತಿತ್ತು, ಅದನ್ನು ನೋಡುವುದೇ ಖುಷಿಯಾಗಿತ್ತು. ಈಗ ಅದನ್ನು ನೆನೆದರೆ ಮೈಮೇಲೆ ಹುಳ ಹರಿದಂತಾಯಿತು.

“ಟೈಪ್ ಮಾಡೋ. ಏನು ಗರ ಬಡಿದವನ ಹಾಗೆ ಕೂತೆ?”

“ಅಕ್ಕ... ಅದು ನಾನು.”

“ಯಾವುದು ನೀನು?”

“ನೀರುಕಾಗೆ. ಅದನ್ನ ಬರ್ದಿದ್ದು ನಾನೇ. ಆಡೋದಕ್ಕೆ ಮುಂಚೆ ಬರ್ದೆ.”

ಅಕ್ಕ ನಕ್ಕಳು, ತಮಾಷೆ ಎಂದುಕೊಂಡಿರಬೇಕು. ಅವನು ತಲೆ ಎತ್ತದಿರುವುದನ್ನು ಕಂಡು ನಗು ನಿಲ್ಲಿಸಿದಳು. ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ತಮ್ಮನಿಗೆ ಅನ್ನಿಸಿತು.

“ನಿನ್ನ ಕನ್ನಡಕದ ಅಂಗಡೀಲಿ,” ಎಂದಳು ಕೊನೆಗೆ, “ಗ್ಲಾಸನ್ನ ಪರೀಕ್ಷೆ ಮಾಡ್ದೆ ಯಾರಿಗಾದ್ರೂ ಕೊಟ್ಟಿದ್ದೀಯಾ?”

“ಇಲ್ಲ. ಎರಡೆರಡು ಸಲ ನೋಡ್ತೀನಿ.”

“ಮತ್ತೆ ಇದನ್ನ?”

ಐದು ಗಂಟೆ ಕಾಲು ಚಾಚಿಕೊಂಡು ತನ್ನ ಮಾತನ್ನು ನಂಬಿ ಕೂತವಳ ಮುಖ ನೋಡಲಾರದೆ, “ನಿಂಗೆ ಬೇರೆ ಆಟ ತಂದುಕೊಡ್ತೀನಿ ಅಕ್ಕ,” ಎಂದು ತೊದಲಿದ.

“ನನ್ನದು ಹಾಳಾಗಲಿ ಬಿಡು. ನಾನೂ ಒಂದು ಘನಕಾರ್ಯ ಮಾಡಿದ್ದೀನಿ.” ಅಕ್ಕನ ದನಿ ತಗ್ಗಿತು. “ನನ್ನ ಹತ್ರ ಅಂಚೆ ಕಚೇರಿಯವರೊಬ್ರು ಈಜು ಕಲಿಯೋಕೆ ಬರ್ತಾರೆ. ನಲವತ್ತೈದು ವರ್ಷ, ನೀರು ಕಂಡ್ರೆ ಕೈಕಾಲು ನಡುಗುತ್ತೆ ಪಾಪ. ನಾನು ಮಲಗಿರುವಷ್ಟು ದಿನ ಇದರಲ್ಲಾದ್ರೂ ನೀರಿಗಿಳಿದು ಅಭ್ಯಾಸ ಮಾಡ್ಕೊಳ್ಳಿ, ಧೈರ್ಯ ಬರುತ್ತೆ ಅಂತ ಇವತ್ತು ಬೆಳಿಗ್ಗೆ ಹೇಳ್ಬಿಟ್ಟೆ. ನಾನಿನ್ನೂ ಒಂದು ಹನಿ ನೀರು ಕಂಡಿರಲಿಲ್ಲ; ಆ ನೀರುಕಾಗೆ ಬರ್ದಿದ್ದಾನಲ್ಲ, ಮೂರು ಗಂಟೆ ಕಾದ್ರೆ ಸಿಕ್ಕೇ ಸಿಗುತ್ತೆ ಅಂದುಕೊಂಡೆ. ಇವತ್ತು ಅವರಿಗೆ ರಜ. ತಗೊಂಡೇಬಿಟ್ರೋ ಏನೋ.”

ಅವಳು ನಂಬರ್ ಒತ್ತಿ, ಸ್ಪೀಕರ್ ಹಾಕಿ, ಮೊಬೈಲನ್ನು ತಮ್ಮನ ಮುಂದೆ ಹಿಡಿದಳು. “ನನಗೆ ಹೇಳೋಕೆ ಬಾಯಿ ಬರಲ್ಲ. ನೀನೇ ಹೇಳು.”

ಒಂದೇ ರಿಂಗಿಗೆ ಆ ಕಡೆಯಿಂದ ಹೆಂಗಸಿನ ದನಿ ಉತ್ಸಾಹದಿಂದ ಕೇಳಿಸಿತು.

“ಟೀಚರ್! ನೀವು ಹೇಳಿದ ಹಾಗೇ ದಡದಲ್ಲಿ ಕಾಯ್ತಾ ನಿಂತಿದ್ದೀನಿ. ಎರಡೂವರೆ ಗಂಟೆ ಆಯ್ತು. ಇನ್ನರ್ಧ ಗಂಟೆ ಅಲ್ವಾ? ಇವತ್ತು ಮಾತ್ರ ಹೆದರಲ್ಲ ಟೀಚರ್, ಇಳಿದೇ ಇಳೀತೀನಿ.”