ಪಾಯಿಂಟಿನ ಸಮುದ್ರ

ಸಾಮಾನು ತಂದವನು ರೆಸಾರ್ಟಿನ ಕೋಣೆ ತೋರಿಸಿ, ನಮಸ್ಕಾರ ಹೊಡೆದು ಹೋದದ್ದೇ ತಡ, ಸುಂದ್ರಮ್ಮ ಬಾಗಿಲು ಹಾಕಿ ತನ್ನ ಕೈಚೀಲ ಬಿಚ್ಚಿದಳು. ಸೀರೆ ತೆಗೆಯುತ್ತಾಳೆ ಅಂದುಕೊಂಡಿದ್ದ ಅವಳ ಗಂಡ ಈಶಪ್ಪ. ಅವಳು ತೆಗೆದದ್ದು ಶಹಾಪುರದಿಂದ ಬಟ್ಟೆಯಲ್ಲಿ ಸುತ್ತಿ ತಂದ ಶೇಂಗಾದ ಹೋಳಿಗೆ, ಊದುಬತ್ತಿ, ಒಂದು ಬಾಳೆ ಎಲೆ, ಮತ್ತೆ ಅಂಗಡಿಯ ಮಡಿಕೆ ಮುರಿಯದ ಹೊಸ ಅಂಗಿ. ಸಣ್ಣ ಹುಡುಗನ ಅಳತೆಯದು.

“ಇದೇನಿದು?”

“ಅಂಬ್ರ್ಯಾಗ ಎಡಿ. ಮತ್ಯಾತಕ್ಕ ಬಂದೀವಿ ಅಂದ್ಕೊಂಡಿದ್ರಿ? ಈ ಮೆತ್ತನ ಹಾಸಿಗಿ ಮ್ಯಾಲ ಉಳ್ಳಾಡಾಕ?”

ಹಾಗೇ ಅಂದುಕೊಂಡಿದ್ದ, ಪಾಪ. ಬೀಜದ ಕಂಪನಿಯ ಕೆಲಸಕ್ಕೆ ಊರೂರು ತಿರುಗಿ, ಹೋಟೆಲಿನಲ್ಲಿ ಮಲಗಿದ ಒಂದೊಂದು ರಾತ್ರಿಗೂ ಅವನ ಮೊಬೈಲಿನಲ್ಲಿ, ಮುಂದೆ ಪುಕ್ಕಟೆ ಕೋಣೆ ಸಿಗುವಂಥ ಪಾಯಿಂಟು ಬಿದ್ದಿದ್ದವು. ಅವನು ಹಾಗೆ ಹೈದರಾಬಾದಿನಲ್ಲಿ ಉಳಿದಿದ್ದ ದಿನವೇ ಮಗ ಅಂಬ್ರೇಶ ಊರ ಪಕ್ಕದ ಕೆನಾಲಿಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಗೇಟು ಇಳಿಸಿ ನೀರು ನಿಲ್ಲಿಸಿದರು, ಬಲೆ ಎಳೆದರು. ಹೆಣವೂ ಸಿಗಲಿಲ್ಲ. ಆಮೇಲೆ ಸುಂದ್ರಮ್ಮ ಗಂಡನನ್ನು ಒಂದು ರಾತ್ರಿಯೂ ಹೊರಗೆ ಮಲಗಗೊಡಲಿಲ್ಲ. ಅವನು ತಿರುಗಾಟ ಬಿಟ್ಟು ಯಾದಗಿರಿಯ ಗೋದಾಮು ಸೇರಿದ. ಅವಳಂತೂ ಹೊಸ್ತಿಲನ್ನೇ ದಾಟಲಿಲ್ಲ. ಈ ತಿಂಗಳು ಬಳಸದಿದ್ದರೆ ಪಾಯಿಂಟೆಲ್ಲ ಹಾಳಾಗುತ್ತವೆ, ಸಮುದ್ರ ನೋಡಿ ಬರೋಣವೇ ಎಂದು ಅವನು ಅಳುಕುತ್ತ ಕೇಳಿದಾಗ ತಟ್ಟನೆ ಹ್ಞೂಂ ಅಂದಿದ್ದಳು. ಹೆಂಡತಿ ಮತ್ತೆ ಬದುಕಿಗೆ ಬಂದಳು ಎಂದು ಈಶಪ್ಪ ಬಚ್ಚಲಲ್ಲಿ ನಿಂತು ಅತ್ತಿದ್ದ.

“ಎಲ್ಲಾರಿಗೂ ಮಣ್ಣು ಕೊಟ್ಟ ಒಂದು ಕುಣಿಯರೆ ಇರ್ತದ, ಹಬ್ಬಕ್ಕ ಅಲ್ಲಿ ಎಡಿ ಇಟ್ಟು ಅತ್ತು ಬರ್ತಾರ,” ಅಂದಳು. “ನಾ ಎಲ್ಲಿ ಇಡ್ಲಿ? ನೀವೇ ಅಂದಿದ್ರಲ್ಲ, ಕೆನಾಲದಾಗ ಸಿಗಲಿಲ್ಲಂದ್ರ ಹಳ್ಳ ಹಿಡಿದು ಹೊಳಿ ಸೇರ್ಯಾನ, ಹೊಳಿ ಸಮುದ್ರಕ್ಕ ಹೋಗ್ತದ ಅಂತ.”

ಈಶಪ್ಪ ಅಂದದ್ದು ಹೌದು. ಆದರೆ ಭೀಮೆಯಾಗಲಿ ಕೃಷ್ಣೆಯಾಗಲಿ ಹರಿಯುವುದು ಮೂಡಣಕ್ಕೆ, ಆಂಧ್ರದ ಕಡೆಗೆ. ಇದು ಪಡುವಣ ಸಮುದ್ರ. ಮೊಬೈಲು ಎರಡೂ ದಂಡೆಯ ರೆಸಾರ್ಟು ತೋರಿಸಿತ್ತು, ಪಾಯಿಂಟೂ ಅಷ್ಟಷ್ಟೇ ಇದ್ದವು. ಇಲ್ಲಿನ ತೆಂಗಿನ ಮರಗಳ ಫೋಟೊ ಚೆನ್ನಾಗಿದೆ ಎಂದು ಇದನ್ನು ಒತ್ತಿದ್ದ. ಹೇಳಬೇಕೆಂದು ಬಾಯಿ ತೆರೆದ. ಅವಳಾಗಲೇ ಸೆರಗು ಹೊದ್ದು ಹೊರಟು ನಿಂತಿದ್ದಳು. ಅವಳ ಮುಖದಲ್ಲಿ ಅವಸರ ಅನ್ನುವುದನ್ನು ಕಂಡು ಎಷ್ಟು ಕಾಲವಾಗಿತ್ತೋ! ಅವಳ ಹಿಂದೆ ನಡೆದ.

ದಂಡೆಯಲ್ಲಿ ಉದ್ದನೆಯ ಕುರ್ಚಿಗಳ ಮೇಲೆ ಜನ ಅಡ್ಡಾಗಿ ಏನೇನೋ ತಣ್ಣಗಿನದು ಕುಡಿಯುತ್ತಿದ್ದರು. ಸುಂದ್ರಮ್ಮ ಯಾರನ್ನೂ ನೋಡಲಿಲ್ಲ. ಊದುಬತ್ತಿಯನ್ನು ಮರಳಿಗೆ ಚುಚ್ಚಿ, ಮೊಣಕಾಲು ಮಟ ನೀರಿಗಿಳಿದು, ಎಲೆಯ ಮೇಲೆ ಅಂಗಿ, ಅಂಗಿಯ ಮೇಲೆ ಹೋಳಿಗೆ ಇಟ್ಟು ತೇಲಿಬಿಟ್ಟಳು. “ಉಣ್ಣಪ್ಪಾ. ತಡಾ ಆತು. ನಿಮ್ಮವ್ವನ ಮ್ಯಾಲ ಸಿಟ್ಟಾಗಬ್ಯಾಡ.”

ಅವಳು ಕಣ್ಣೊರೆಸಿಕೊಳ್ಳುವುದರೊಳಗೆ ತೆರೆಯೊಂದು ಎಲ್ಲವನ್ನೂ ತಂದು ಮರಳಿಗೆ ಎಸೆಯಿತು. ಬಳಿದು ಮತ್ತೆ ಬಿಟ್ಟಳು. ಮತ್ತೆ ಬಂತು. ಇನ್ನೊಮ್ಮೆ ಬಿಟ್ಟಾಗ ಹೋಳಿಗೆ ಚೂರುಚೂರಾಗಿ, ಒದ್ದೆ ಅಂಗಿ ಬಂದು ಅವಳ ಕಾಲಿಗೇ ಸುತ್ತಿಕೊಂಡಿತು.

ಕಾವಲುಗಾರ ಸೀಟಿ ಊದಿದ. “ಅಮ್ಮಾ, ಇಲ್ಲಿ ಕಸ ಬಿಸಾಡ್ಲಿಕ್ಕೆ ಇಲ್ಲ!”

ಅವಳ ಕಿವಿಗೆ ಅದು ಬೀಳಲಿಲ್ಲ. “ಒಲ್ಲೆ ಅಂತಾನ್ರಿ,” ಎಂದು ಹಣೆ ಬಡಿದುಕೊಂಡಳು. “ನನ್ನ ಕೈಯಿಂದು ಒಲ್ಲೆ ಅಂತಾನ. ಅವತ್ತು ಮುಂಜಾನಿ ನಾ ಬೈದಿದ್ನಲ್ಲ, ಆ ಸಿಟ್ಟು ಇನ್ನಾ ಇಳಿದಿಲ್ಲ ಅವಂಗ.”

ಈಶಪ್ಪನಿಗೆ ತಡೆಯಲಾಗಲಿಲ್ಲ. ಪ್ಯಾಂಟು ತೊಯ್ದರೂ ಲಕ್ಷ್ಯವಿಲ್ಲದೆ ನೀರಿಗಿಳಿದು ಅವಳ ಕೈ ಹಿಡಿದ. “ಸಿಟ್ಟಲ್ಲ ಸುಂದ್ರೀ. ತಪ್ಪು ನಂದು. ನಮ್ಮ ಹೊಳಿ ಈ ಸಮುದ್ರಕ್ಕ ಬರಂಗೇ ಇಲ್ಲ. ಅದು ಆ ಕಡಿ ಸಮುದ್ರಕ್ಕ ಹೋಗ್ತದ. ನಮ್ಮ ಅಂಬ್ರ್ಯಾ ಇಲ್ಲಿಲ್ಲ.”

ಬೋರಾಡಿ ಅಳುತ್ತಾಳೆ ಅಂದುಕೊಂಡ. ಅವಳು ಬಗ್ಗಿ ಅಂಗಿ ಬಿಡಿಸಿಕೊಂಡು, ಹಿಂಡಿ, ಉಡಿಯಲ್ಲಿ ಕಟ್ಟಿಕೊಂಡಳು.

“ಆ ಕಡಿ ಸಮುದ್ರಕ್ಕೂ ಪಾಯಿಂಟು ನಡೀತಾವೇನ್ರಿ?”

“ನಡೀತಿದ್ವು. ಎಲ್ಲಾ ಇಲ್ಲಿಗೇ ಮುಗದ್ವು. ರೊಕ್ಕ ಕೊಟ್ಟು ಬಸ್ಸಿಗಿ ಹೋಗಿ ಬರೋಣ ತಗೋ.”

“ಬ್ಯಾಡ. ನೀವು ಹೊರಗ ಮಲಗಿದಾಗ ಹೋದಾಂವ ಅವ. ಹಂಗ ಮಲಗಿ ಕೂಡಿಸಿದ ಪಾಯಿಂಟಿಂದನ ಅವನ ಕಡಿ ಹೋಗೋಣ.” ಸುಂದ್ರಮ್ಮ ಕೈ ಬಿಡಿಸಿಕೊಂಡು ದಂಡೆಯ ಕಡೆ ತಿರುಗಿದಳು. “ನಾಳಿಂದ ಮನ್ಯಾಗ ಮಲಗಬ್ಯಾಡ್ರಿ.”